ಮಳೆಕಾಡಿನ ಬಸದಿಗಳಿಗೆ ನಮ್ಮ ಯಾತ್ರೆ



ತೀರ್ಥಯಾತ್ರೆ ಎಂದೊಡನೆ ನಮ್ಮ ಕಡೆಯ ವ್ಯಾಪಾರಿ ಕುಟುಂಬಗಳಿಗೆ ನೆನಪಾಗುವುದು ನಾಲ್ಕೈದು ಹೆಸರು. ಕುಂಥಲಗಿರಿ, ಶ್ರವಣಬೆಳಗೊಳ, ಗಿರನಾರ್, ಸಮ್ಮೇದ ಶಿಖರ್ಜಿ. ಒಂದು ಬಸ್ಸು ಗೊತ್ತು ಮಾಡಿ, ಅಡಿಗೆಯವರನ್ನು ಕೂಡಿಸಿಕೊಂಡು, ಹಾಸಿಗೆ ಪಾತ್ರೆಗಳನ್ನೆಲ್ಲ ಹೇರಿಕೊಂಡು ಹೋಗಿ ಬರುತ್ತೇವೆ. ಆದರೆ ಸಹ್ಯಾದ್ರಿಯ ಮಳೆಕಾಡಿನ ಒಳಗೂ ನಮ್ಮ ಹಿರಿಯರು ಕಟ್ಟಿದ ಬಸದಿಗಳಿವೆ. ಅವುಗಳ ಹೆಸರು ಬಹಳ ಜನ ಕೇಳಿದ್ದಾರೆ, ನಡೆದು ಹೋಗಿ ನೋಡಿದವರು ಕಡಿಮೆ. ಅಂಥ ಕೆಲವು ಸ್ಥಳಗಳಿಗೆ ನಮ್ಮ ಕುಟುಂಬದ ಆರು ಜನ 2024ರ ದೀಪಾವಳಿಯ ನಂತರ ಹೋಗಿ ಬಂದೆವು. ದರ್ಶನದ ಆನಂದವೂ ಆಯಿತು, ಫಜೀತಿಯೂ ಆಯಿತು. ಎರಡನ್ನೂ ಬರೆದರೆ ಮುಂದೆ ಹೋಗುವವರಿಗೆ ಉಪಯೋಗವಾದೀತು ಎಂದು ಈ ನಾಲ್ಕು ಮಾತು.

ನಮ್ಮದು ಸಿರ್ಗಾಪುರ. ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿ ನಾರಾಯಣಖೇಡದ ಕಡೆಗೆ ಇರುವ ಊರು. ಮನೆಯೊಳಗೆ ಕನ್ನಡ, ಅಂಗಡಿಯ ಕಟ್ಟೆಯ ಮೇಲೆ ತೆಲುಗು. ತೊಗರಿ, ಹತ್ತಿ, ಜೋಳ ಬೆಳೆಯುವ ಸೀಮೆ. ನಮ್ಮಲ್ಲಿ ಸಾಮಾನ್ಯ ವರ್ಷದ ಮಳೆ ಸಾವಿರ ಮಿಲಿಮೀಟರಿನ ಒಳಗೇ. ನಾವು ಹೋದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು. ನಮ್ಮ ಏಳು ವರ್ಷದ ಮಳೆ ಅಲ್ಲಿ ಒಂದೇ ವರ್ಷದಲ್ಲಿ ಸುರಿಯುತ್ತದೆ ಎಂದರೆ ಲೆಕ್ಕ ಬಲ್ಲ ನಮ್ಮ ಜನಕ್ಕೆ ಬೇರೆ ವಿವರಣೆ ಬೇಡ.

ಬೆನ್ನ ಮೇಲಿನ ಚೀಲ

ವೀರ ನಿರ್ವಾಣ ಸಂವತ್ 2551ರ ಹೊಸ ವರ್ಷದ ಪುಸ್ತಕ ಪೂಜೆ ಮುಗಿಸಿ, ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿ ಹೊರಟೆವು. ನಾವು, ನಮ್ಮ ಮನೆಯವರು, ನಮ್ಮ ಅಕ್ಕ, ಎಪ್ಪತ್ತರ ಭಾವನವರು, ತಮ್ಮ ಹಾಗೂ ಅವನ ಮಗ. ಈ ಹುಡುಗ ಹೈದರಾಬಾದಿನಲ್ಲಿ ನೌಕರಿ ಮಾಡುತ್ತಾನೆ, ಬೆಟ್ಟ ಹತ್ತುವ ಹವ್ಯಾಸದವನು. ಟ್ರಂಕು, ಸೂಟ್‌ಕೇಸು ಯಾವುದೂ ಬೇಡ, ಪ್ರತಿಯೊಬ್ಬರಿಗೂ ಬೆನ್ನಿಗೆ ಹಾಕುವ ಒಂದೇ ಚೀಲ, ಅದೂ ಆರು ಕಿಲೋ ಮೀರಬಾರದು ಎಂದು ಅವನ ಕಟ್ಟಪ್ಪಣೆ. ತಕ್ಕಡಿ ಮನೆಯಲ್ಲೇ ಇತ್ತು, ತೂಗಿಯೇ ಕಟ್ಟಿದೆವು.

ಅಕ್ಕನ ಚೀಲ ಮೊದಲ ಸಲ ತೂಗಿದಾಗ ಹನ್ನೊಂದು ಕಿಲೋ ಬಂತು. ಒಂದೊಂದಾಗಿ ತೆಗೆಯುತ್ತಾ ಹೋದರು. ನಾಲ್ಕು ಸೀರೆ ಎರಡಾದವು, ಉಪ್ಪಿನಕಾಯಿಯ ಭರಣಿ ಹೋಯಿತು, ಸ್ಟೀಲ್ ಡಬ್ಬಿಗಳು ಹೋದವು. ಕೊನೆಗೆ ಉಳಿದದ್ದು ಬಟ್ಟೆ, ನೀರು ಸೋಸುವ ವಸ್ತ್ರ, ಜಪಮಾಲೆ, ಔಷಧ, ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ. "ಮುನಿಗಳು ಪಿಂಛಿ ಕಮಂಡಲು ಎರಡೇ ಹಿಡಕೊಂಡು ದೇಶ ತಿರಗ್ತಾರ, ನಮಗ ಆರು ಕಿಲೋನೂ ಜಾಸ್ತಿನೇ" ಎಂದು ಭಾವನವರು ನಕ್ಕರು. ನಮ್ಮ ಅಜ್ಜಂದಿರು ಜವಳಿ ಗಂಟು ಹೆಗಲಿಗೇರಿಸಿ ಸಂತೆಯಿಂದ ಸಂತೆಗೆ ನಡೆದವರೇ. ಚೀಲದ ಆಕಾರ ಬೇರೆ, ಭಾರ ಹೊಸದಲ್ಲ.

ಬೀದರಿನಿಂದ ರೈಲಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಶಿವಮೊಗ್ಗಕ್ಕೆ, ಮುಂದೆ ಬಸ್ಸಿನಲ್ಲಿ ಹೊಂಬುಜಕ್ಕೆ ಹೋದೆವು. ಶಿವಮೊಗ್ಗ ದಾಟಿದ ಮೇಲೆ ದಾರಿಯ ಎರಡೂ ಬದಿಗೆ ಅಡಿಕೆ ತೋಟ. ನಮ್ಮ ಊರಿನಲ್ಲಿ ದೃಷ್ಟಿ ಹಾಯಿಸಿದರೆ ಮೂರು ಹಳ್ಳಿ ಕಾಣುತ್ತವೆ. ಇಲ್ಲಿ ಮುಂದಿನ ತಿರುವೇ ಕಾಣುವುದಿಲ್ಲ.

ಹೊಂಬುಜ

ಹೊಂಬುಜ ಅಥವಾ ಹುಂಚ ಹೊಸನಗರ ತಾಲೂಕಿಗೆ ಸೇರಿದ್ದು. ಸಾಂತರಸರ ರಾಜಧಾನಿಯಾಗಿದ್ದ ಊರು, ಹಳೆಯ ಹೆಸರು ಪೊಂಬುಚ್ಚ. ಉತ್ತರದ ಮಥುರೆಯಿಂದ ಬಂದ ಜಿನದತ್ತರಾಯನು ಲಕ್ಕಿ ಗಿಡದ ಕೆಳಗೆ ಮಲಗಿದ್ದಾಗ ಪದ್ಮಾವತಿ ದೇವಿ ಒಲಿದಳು, ಕಬ್ಬಿಣ ಹೊನ್ನಾಯಿತು ಎಂಬ ಕಥೆ ನಮ್ಮ ಹೆಂಗಸರಿಗೆಲ್ಲ ಬಾಯಿಪಾಠ. ಆ ಲಕ್ಕಿ ಗಿಡಕ್ಕೆ ಇಂದಿಗೂ ಪೂಜೆಯಿದೆ. ಊರಿನ ಪಂಚಕೂಟ ಬಸದಿಯನ್ನು 1077ರಲ್ಲಿ ಚಟ್ಟಲದೇವಿ ಎಂಬ ರಾಣಿ ಕಟ್ಟಿಸಿದಳು. ಅದಕ್ಕೆ ಉರ್ವೀತಿಲಕ ಎಂದು ಹೆಸರು. ಸಾಲಾಗಿ ಐದು ಗರ್ಭಗೃಹ, ಮುಂದೆ ಎತ್ತರವಾದ ಮಾನಸ್ತಂಭ. ಒಂಬೈನೂರಕ್ಕೂ ಹೆಚ್ಚು ಮಳೆಗಾಲ ಕಂಡ ಕಲ್ಲು ಅದು. ಒಂದು ಮಳೆಗಾಲಕ್ಕೆ ಗೋಡೆ ಬಿರಿಯುವ ಮನೆಗಳಲ್ಲಿರುವ ನಾವು ಅದರ ಮುಂದೆ ಸ್ವಲ್ಪ ಹೊತ್ತು ಮಾತಿಲ್ಲದೆ ನಿಂತೆವು.

ಇಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಯಾತ್ರಿಕರ ವಸತಿಯಲ್ಲಿ ಇಳಿದುಕೊಂಡು, ಸೂರ್ಯಾಸ್ತಕ್ಕೆ ಮೊದಲೇ ಬಿಸಿ ಊಟ ಮಾಡಿ, ರಾತ್ರಿ ಹೆಂಚಿನ ಮೇಲಿನ ಮಳೆಯ ಸದ್ದು ಕೇಳುತ್ತಾ ಮಲಗಿದೆವು. ಫಜೀತಿಗಳು ಶುರುವಾದದ್ದು ಮರುದಿನದಿಂದ.

ಕುಂದಾದ್ರಿಯ ಮಂಜು, ಮಂಗ, ಮರ

ಹೊಂಬುಜದಿಂದ ತೀರ್ಥಹಳ್ಳಿ, ಅಲ್ಲಿಂದ ಆಗುಂಬೆ ದಾರಿಯಲ್ಲಿ ಗುಡ್ಡೇಕೇರಿ. ಅಲ್ಲಿ ಇಳಿದು ಕುಂದಾದ್ರಿ ಬೆಟ್ಟಕ್ಕೆ ನಡೆದೆವು. ಮೇಲಿನವರೆಗೆ ರಸ್ತೆ ಇದೆ, ಜೀಪು ಕಾರು ಹೋಗುತ್ತವೆ, ಕೊನೆಗೆ ಮೆಟ್ಟಿಲು. ಆದರೂ ಕುಂದಕುಂದಾಚಾರ್ಯರು ತಪಸ್ಸು ಮಾಡಿದರೆಂದು ಪರಂಪರೆ ನಂಬುವ ಬೆಟ್ಟವನ್ನು ಕಾಲಿನಿಂದಲೇ ಹತ್ತೋಣ ಎಂದು ಭಾವನವರೇ ಹಟ ಹಿಡಿದರು. ಸಮಯಸಾರ, ಪ್ರವಚನಸಾರ, ನಿಯಮಸಾರ ಕೊಟ್ಟ ಆಚಾರ್ಯರು ಅವರು. ಮಹಾವೀರ ಸ್ವಾಮಿ, ಗೌತಮ ಗಣಧರರ ನಂತರ ದಿಗಂಬರ ಪರಂಪರೆ ಪ್ರತಿ ಶುಭಕಾರ್ಯಕ್ಕೂ ನೆನೆಯುವ ಹೆಸರು ಅವರದೇ.

ಬೆಟ್ಟದ ತುದಿ ಎಂದರೆ ಒಂದೇ ದೊಡ್ಡ ಬಂಡೆ. ಅದರ ಮೇಲೆ ಪಾರ್ಶ್ವನಾಥ ಸ್ವಾಮಿಯ ಬಸದಿ, ಪಕ್ಕದಲ್ಲಿ ಬಂಡೆಯಲ್ಲೇ ನೀರು ನಿಂತ ಕೊಳ. ನಾವು ತಲುಪಿದಾಗ ಸುತ್ತಲೂ ಹಸಿರು ಕಾಡು ಕಾಣುತ್ತಿತ್ತು. ದರ್ಶನ ಮುಗಿಸಿ ಹೊರಬರುವಷ್ಟರಲ್ಲಿ ಮಂಜು ಮುಚ್ಚಿ, ಹತ್ತು ಹೆಜ್ಜೆಯಾಚೆ ನಿಂತ ತಮ್ಮ ಕಾಣದಾದ. ಬಂಡೆಯ ಅಂಚು ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುವಂತಿರಲಿಲ್ಲ. ಎಲ್ಲರೂ ಇದ್ದಲ್ಲೇ ಕುಳಿತು ಣಮೋಕಾರ ಹೇಳಿಕೊಂಡೆವು. ಅರ್ಧ ಗಂಟೆಗೆ ಮಂಜು ಸರಿಯಿತು. ಸರಿದಾಗ ಕಂಡದ್ದೇನು? ನಮ್ಮ ಬುತ್ತಿಯ ಚೀಲ ಬಿಚ್ಚಿ, ಆರು ಮಂಗಗಳು ರೊಟ್ಟಿ ಹರಿದು ತಿನ್ನುತ್ತಿದ್ದವು. ಬೆಳಿಗ್ಗೆ ಎಂಟಕ್ಕೆ ತಿಂದ ಉಪ್ಪಿಟ್ಟೇ ನಮ್ಮ ಹೊಟ್ಟೆಯಲ್ಲಿದ್ದದ್ದು. "ಹೋಗ್ಲಿ ಬಿಡ್ರಿ, ದಾನ ಆತು" ಎಂದರು ಅಕ್ಕ. ಶೇಂಗಾ ಹಿಂಡಿಯನ್ನು ಮಾತ್ರ ಅವು ಮೂಸಿ ಬಿಟ್ಟಿದ್ದವು, ಖಾರ ಹೆಚ್ಚಾಗಿರಬೇಕು.

ಇಳಿಯುವಾಗ ಮಳೆ ಬಂತು. ಗುಡ್ಡೇಕೇರಿಯಲ್ಲಿ ಸಿಕ್ಕಿದ್ದು ನಾಲ್ಕು ಬಾಳೆಹಣ್ಣು. ಭಾವನವರು ಅಂಗಡಿಯ ಬಿಸ್ಕತ್ತು, ಬ್ರೆಡ್ಡು ಮುಟ್ಟುವವರಲ್ಲ. ಒಂದು ಹಣ್ಣು ತಿಂದು ಉಳಿದದ್ದನ್ನು ನಮಗೆ ಕೊಟ್ಟರು. ಆಗುಂಬೆಯಲ್ಲಿ ಪರಿಚಯದವರ ಮೂಲಕ ಒಂದು ಮನೆಯಲ್ಲಿ ವಸತಿ ಗೊತ್ತಾಗಿತ್ತು, ಐದು ಗಂಟೆಗೆ ಊಟ ಸಿದ್ಧ ಇರುತ್ತದೆ ಎಂದು ಹೇಳಿದ್ದರು. ಬಸ್ಸಿಗೆ ಅರ್ಧ ಗಂಟೆಯ ದಾರಿ. ನಾಲ್ಕು ಗಂಟೆಗೆ ಬಸ್ಸು ಹತ್ತಿದೆವು. ಕಾಲು ಗಂಟೆ ಹೋಗಿತ್ತು, ಮುಂದೆ ಒಂದು ದೊಡ್ಡ ಮರ ವಿದ್ಯುತ್ ತಂತಿಯನ್ನೂ ಎಳೆದುಕೊಂಡು ರಸ್ತೆಗೆ ಅಡ್ಡ ಬಿದ್ದಿತ್ತು.

ಮಳೆ ನಿಲ್ಲಲಿಲ್ಲ. ತಂತಿ ಬಿದ್ದದ್ದರಿಂದ ಯಾರೂ ಮರದ ಹತ್ತಿರ ಹೋಗುವಂತಿರಲಿಲ್ಲ. ಹಿಂದೆ ವಾಹನಗಳು ಸಾಲುಗಟ್ಟಿ ಬಸ್ಸು ತಿರುಗಿಸಲೂ ಆಗಲಿಲ್ಲ. ಐದು ಆಯಿತು, ಆರು ಆಯಿತು, ಕತ್ತಲಾಯಿತು. ನಮ್ಮಲ್ಲಿ ನಾಲ್ವರಿಗೆ ರಾತ್ರಿ ಭೋಜನ ತ್ಯಾಗದ ನಿಯಮವಿದೆ. ಭಾವನವರಿಗಂತೂ ಮೂವತ್ತು ವರ್ಷದಿಂದ. ಒಂದು ಹೊತ್ತು ಉಪವಾಸ ನಮಗೆ ದೊಡ್ಡ ಮಾತಲ್ಲ. ಆದರೆ ಭಾವನವರಿಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನದ ಮಾತ್ರೆಯನ್ನು ಬೆಟ್ಟದ ಮೇಲೆ ಬುತ್ತಿ ಬಿಚ್ಚುವ ಮೊದಲೇ ನುಂಗಿಯಾಗಿತ್ತು. ಅದರ ಮೇಲೆ ಬೆಟ್ಟ ಹತ್ತಿ ಇಳಿದ ಶ್ರಮ.

ಏಳು ಗಂಟೆಯ ಹೊತ್ತಿಗೆ ಆ ಚಳಿಯಲ್ಲಿ ಅವರ ಹಣೆ ಬೆವರಿತು. ಕೈ ನಡುಗತೊಡಗಿತು. ಹುಡುಗನನ್ನು ನೋಡಿ, ತೀರಿಹೋದ ತಮ್ಮ ಅಣ್ಣನ ಹೆಸರು ಹಿಡಿದು ಕರೆದರು. ಅಕ್ಕನಿಗೆ ತಕ್ಷಣ ತಿಳಿಯಿತು. ಹುಡುಗ ಚೀಲದಿಂದ ಗ್ಲೂಕೋಮೀಟರ್ ತೆಗೆದು ಬೆರಳಿಗೆ ಚುಚ್ಚಿ ನೋಡಿದ. 54. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯ ಎಂದು ಡಾಕ್ಟರು ಹೇಳಿದ್ದು ಎಲ್ಲರಿಗೂ ನೆನಪಿತ್ತು.

ಬಸ್ಸಿನಲ್ಲಿದ್ದ ಮಲೆನಾಡಿನ ಜನ ಒಳ್ಳೆಯವರು. ಒಬ್ಬರು ಜೇನುತುಪ್ಪದ ಬಾಟಲಿ ಚಾಚಿದರು. ಮಧು ನಮಗೆ ಮೊದಲೇ ತ್ಯಾಜ್ಯ, ಅಕ್ಕ ಕೈ ಮುಗಿದರು. ಅಷ್ಟರಲ್ಲಿ ಹಿಂದಿನ ಸೀಟಿನ ಒಬ್ಬ ಅಜ್ಜಿ, "ಜೋನಿಬೆಲ್ಲ ಉಂಟು, ಆಗ್ತದಾ ಅಮ್ಮಾ?" ಎಂದರು. ಜೋನಿಬೆಲ್ಲ ಎಂದರೆ ಅಚ್ಚಿಗೆ ಹಾಕದ ನೀರುಬೆಲ್ಲ, ಮಲೆನಾಡಿನ ಮನೆಗಳಲ್ಲಿ ದೋಸೆಗೆ ಹಚ್ಚಿಕೊಳ್ಳುವುದು. ಅಕ್ಕ ಅದನ್ನು ಕುದಿಸಿ ಆರಿಸಿದ ನೀರಿನಲ್ಲಿ ಕದಡಿ ಲೋಟ ತುಟಿಗೆ ಹಿಡಿದರು. ಭಾವನವರು ಹಲ್ಲು ಕಚ್ಚಿ ಮುಖ ತಿರುಗಿಸಿದರು.

"ಸೂರ್ಯ ಮುಳಗ್ಯಾನ. ಬ್ಯಾಡ."

"ಇದು ಊಟ ಅಲ್ರಿ, ಔಷಧ. ಔಷಧಕ್ಕ ಬಿಡುವು ಇಟ್ಟೇ ನೀವು ನಿಯಮ ತಗೊಂಡೀರಿ, ನಾ ಬಾಜೂಕ ನಿಂತಿದ್ದೆ" ಎಂದರು ಅಕ್ಕ. ಅವರು ಒಪ್ಪಲಿಲ್ಲ. "ಮೂವತ್ತು ವರ್ಷ ಆತು" ಎಂದು ಅದನ್ನೇ ಹೇಳುತ್ತಿದ್ದರು. ಅಕ್ಕನ ಕಣ್ಣಲ್ಲಿ ನೀರು. "ಇರವಿ ಜೀವ ಉಳಸಾಕ ಕೆಳಗ ನೋಡಿ ನಡೀತೀರಿ. ಇದೂ ಒಂದು ಜೀವಾನೇ ಅಲ್ಲೇನ್ರಿ?" ಆ ಮಾತು ಅವರಿಗೆ ಮುಟ್ಟಿತೋ, ದಣಿವಿಗೆ ಸೋತರೋ, ಬಾಯಿ ತೆರೆದರು. ಇಪ್ಪತ್ತು ನಿಮಿಷದ ಮೇಲೆ ನೋಡಿದರೆ 91. ಬೆವರು ಆರಿತು. ಹುಡುಗನನ್ನು ಅವನ ಹೆಸರಿನಿಂದಲೇ ಕರೆದು, ಚೀಲ ನೆನೆಯುತ್ತಿದೆ ನೋಡು ಎಂದರು. ಎಂಟೂವರೆಗೆ ಮರ ಸರಿಸಿ ದಾರಿ ಬಿಟ್ಟರು. ವಸತಿಗೆ ಹೋದ ಮೇಲೆ ಮಲಗುವ ಮುಂಚೆ ಅಕ್ಕ ಮತ್ತೊಂದು ಲೋಟ ಬೆಲ್ಲದ ನೀರು ಕುಡಿಸಿದರು, ನಡುರಾತ್ರಿ ಎದ್ದು ಇನ್ನೊಮ್ಮೆ ಪರೀಕ್ಷೆ ಮಾಡಿದರು. ಹುಡುಗನೊಬ್ಬ ಊಟ ಮಾಡಿದ. ನಾವು ಉಳಿದವರು ನೀರನ್ನೂ ಮುಟ್ಟದೆ ಮಲಗಿದೆವು.

ಆ ಅಜ್ಜಿ ಜೋನಿಬೆಲ್ಲದ ಬಾಟಲಿಯನ್ನು ಅಕ್ಕನ ಕೈಯಲ್ಲೇ ಇಟ್ಟು ಇಳಿದು ಹೋಗಿದ್ದರು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಇಂಬಳವೂ ಅಹಿಂಸೆಯೂ

ಮರುದಿನ ಭಾವನವರಿಗೆ ವಿಶ್ರಾಂತಿ. ನಾವು ನಾಲ್ವರು ಊರಿನವರೊಬ್ಬರನ್ನು ಜೊತೆ ಮಾಡಿಕೊಂಡು ಜೋಗಿಗುಂಡಿಯ ಕಡೆ ಕಾಡು ನೋಡಲು ಹೋದೆವು. ಪಶ್ಚಿಮ ಘಟ್ಟದ ಕೆಲವು ಭಾಗಗಳನ್ನು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಆಗುಂಬೆ ಮೀಸಲು ಅರಣ್ಯ ಅದರಲ್ಲಿ ಒಂದು. ಕಾಳಿಂಗ ಸರ್ಪ, ಸಿಂಗಳೀಕ ಇರುವ ಕಾಡು. ಹಾವುಗಳನ್ನು ಬಲ್ಲ ರೊಮುಲಸ್ ವಿಟೇಕರ್ ಅವರು 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಕಾಳಿಂಗ ಸರ್ಪದ ಹೆಣ್ಣು ಎಲೆಗಳನ್ನು ಗುಡ್ಡೆ ಮಾಡಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆಯಂತೆ. ಹೆಡೆಯ ಕೆಳಗೆ ನಿಂತ ಪಾರ್ಶ್ವನಾಥರು ಕುಂದಾದ್ರಿಯಲ್ಲಿ, ಅವರ ಯಕ್ಷಿ ಪದ್ಮಾವತಿ ಹೊಂಬುಜದಲ್ಲಿ. ಸರ್ಪಗಳ ಈ ನಾಡಿನಲ್ಲಿ ಅವರ ಸನ್ನಿಧಿ ನಮಗೆ ಬಹಳ ಹೊಂದಿಕೆಯಾಗಿ ಕಂಡಿತು.

ಹಾವು ಒಂದೂ ಕಾಣಲಿಲ್ಲ. ಕಂಡದ್ದು ಇಂಬಳ. ನೀರಿನಲ್ಲಿ ಇರುವುದು ಜಿಗಣೆ, ಕಾಡಿನ ತರಗೆಲೆಯಲ್ಲಿ ಇರುವುದು ಇಂಬಳ. ಕಡ್ಡಿಯಷ್ಟು ಸಣ್ಣದು. ಉಸಿರು, ಮೈಶಾಖ ಹತ್ತಿದೊಡನೆ ತಲೆ ಎತ್ತಿ ಅಳೆಯುತ್ತಾ ಬರುತ್ತದೆ. ಕಚ್ಚಿದ್ದು ತಿಳಿಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಬಾಯಲ್ಲಿದೆ, ಅದಕ್ಕೇ ಅದು ಬಿಟ್ಟ ಮೇಲೂ ಗಂಟೆಗಟ್ಟಲೆ ಹನಿಯುತ್ತದೆ. ನಮ್ಮ ಮನೆಯವರ ಪಾದದಲ್ಲಿ ಮೂರು, ತಮ್ಮನ ಕಾಲಲ್ಲಿ ಏಳು. ತಮ್ಮ ಗಾಬರಿಯಾಗಿ ಕುಣಿದದ್ದನ್ನು ನೋಡಿ ಜೊತೆಗೆ ಬಂದವರು, "ಹೆದರ್ಬೇಡಿ ಮಾರಾಯ್ರೆ, ಉಪ್ಪು ಹಾಕಿದ್ರೆ ಬಿಡ್ತದೆ" ಎಂದು ಪೊಟ್ಟಣ ತೆಗೆದರು.

ಉಪ್ಪು ಸುಣ್ಣ ಹಾಕಿದರೆ ಇಂಬಳ ಬಿಡುವುದು ನಿಜ, ಒದ್ದಾಡಿ ಸಾಯುವುದೂ ನಿಜ. ನಮ್ಮ ಮನೆಯವರು ಬೇಡ ಎಂದರು. "ಹೊಟ್ಟಿ ತುಂಬಿದ್ರ ತಾನೇ ಹೋಗ್ತದ, ಎಷ್ಟು ಕುಡೀತದ ಅದು?" ಎಂದು ಒಂದು ಬಂಡೆಯ ಮೇಲೆ ಕುಳಿತೇಬಿಟ್ಟರು. ಆಗ ಆ ಮನುಷ್ಯ ಉಪ್ಪು ಒಳಗಿಟ್ಟು ಇನ್ನೊಂದು ಉಪಾಯ ತೋರಿಸಿದರು. ಚರ್ಮವನ್ನು ಸ್ವಲ್ಪ ಬಿಗಿ ಹಿಡಿದು, ಇಂಬಳದ ಬಾಯಿಯ ಪಕ್ಕಕ್ಕೆ ಉಗುರು ಒತ್ತಿ ಮೆಲ್ಲನೆ ಜಾರಿಸಿದರೆ ಅದರ ಹಿಡಿತ ತಪ್ಪುತ್ತದೆ. ಆಮೇಲೆ ಇನ್ನೊಂದು ತುದಿ. ಎತ್ತಿ ಎಲೆಯ ಮೇಲೆ ಬಿಟ್ಟರಾಯಿತು. ಇಂಬಳಕ್ಕೂ ಕೇಡಿಲ್ಲ, ಎಳೆದು ಹರಿದಾಗ ಆಗುವ ಗಾಯವೂ ಇಲ್ಲ. ಹತ್ತನ್ನೂ ಹಾಗೆಯೇ ಬಿಡಿಸಿದೆವು. ಸೋಪಿನಿಂದ ತೊಳೆದು ಬಟ್ಟೆ ಕಟ್ಟಿದ ಮೇಲೆ ರಕ್ತವೂ ನಿಂತಿತು.

ಅಲ್ಲಿ ಕುಳಿತಾಗ ನಮಗೆ ಚಾತುರ್ಮಾಸದ ನೆನಪಾಯಿತು. ಆಷಾಢದಿಂದ ಕಾರ್ತಿಕದವರೆಗೆ ತ್ಯಾಗಿಗಳು ಒಂದೇ ಊರಲ್ಲಿ ನಿಲ್ಲುತ್ತಾರೆ, ಮಳೆಗಾಲದಲ್ಲಿ ನೆಲದ ತುಂಬ ಜೀವರಾಶಿ ಎಂದು. ನಮ್ಮ ಕಪ್ಪು ಮಣ್ಣಿನ ಸೀಮೆಯಲ್ಲಿ ಅದನ್ನು ಕೇಳಿದ್ದೆವು, ನೋಡಿರಲಿಲ್ಲ. ಇಲ್ಲಿ ಒಂದು ಹೆಜ್ಜೆಯಷ್ಟು ನೆಲದಲ್ಲಿ ಇಂಬಳ, ಇರುವೆ, ಸಹಸ್ರಪದಿ, ಸಣ್ಣ ಕಪ್ಪೆ, ಅಣಬೆ. ನಾಲ್ಕು ಮೊಳ ಮುಂದೆ ನೋಡಿ ಕಾಲಿಡುವುದೇ ಈರ್ಯಾಸಮಿತಿ. ಆ ನಡಿಗೆ ಬಂದ ಮೇಲೆ ನಮ್ಮಲ್ಲಿ ಯಾರೂ ಜಾರಿ ಬೀಳಲಿಲ್ಲ, ಅದನ್ನೂ ಹೇಳಬೇಕು.

ಘಟ್ಟ ಇಳಿದು ವರಂಗ, ಕಾರ್ಕಳ

ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗುವುದು ಕಷ್ಟ. ಮಿನಿ ಬಸ್ಸಿನಲ್ಲಿ ಸೋಮೇಶ್ವರಕ್ಕೆ ಇಳಿದು, ಹೆಬ್ರಿಯ ಮೇಲೆ ವರಂಗಕ್ಕೆ ಬಂದೆವು. ನಮ್ಮ ಮನೆಯವರು ಮತ್ತು ಹುಡುಗ ಇಬ್ಬರಿಗೂ ದಾರಿಯುದ್ದಕ್ಕೂ ವಾಂತಿ. ಭಾವನವರು ನಿಂಬೆಹಣ್ಣು ಮೂಸಿಸುತ್ತಾ ಸೇವೆ ಮಾಡಿದರು.

ವರಂಗದ ಕೆರೆ ಬಸದಿ ಕೆರೆಯ ನಟ್ಟನಡುವೆ ಇದೆ. ನಾಲ್ಕು ದಿಕ್ಕಿಗೂ ಬಾಗಿಲು, ಹಿಂದೆ ಕಾಡು ಬೆಟ್ಟ. ಸಣ್ಣ ದೋಣಿಯಲ್ಲಿ ಕೆಲವೇ ಜನರಂತೆ ಹೋಗಬೇಕು. ಸುತ್ತಲೂ ತಾವರೆ. ಫೋಟೋ ತೆಗೆಯಲು ಬಗ್ಗಿದ ಹುಡುಗನ ಮೊಬೈಲು ಜಾರಿ ನೀರಿಗೆ ಬಿತ್ತು. ಅಂಬಿಗ ಕೋಲು ಹಾಕಿ ನೋಡಿದ, ಸಿಗಲಿಲ್ಲ. ಮುಖ ಬಾಡಿಸಿ ಕುಳಿತ ಹುಡುಗನಿಗೆ ಭಾವನವರು, "ಇದ್ದ ಆರು ಕಿಲೋದಾಗ ಇನ್ನೊಂದು ಪಾವು ಕಡಿಮಿ ಆತು ನೋಡು" ಎಂದರು. ಮುಂದಿನ ಎರಡು ದಿನ ಅವನು ನಮ್ಮೊಡನೆ ಹೆಚ್ಚು ಮಾತಾಡಿದ ಎಂಬುದು ನಮ್ಮ ಮನೆಯವರ ಗಮನಕ್ಕೆ ಬಂತು.

ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಬಾಹುಬಲಿ ಸ್ವಾಮಿಯ ದರ್ಶನ, ಎದುರಿನ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿ. ಅಲ್ಲಿ ಭೇಟಿಯಾದ ಒಬ್ಬ ತ್ಯಾಗಿಗಳ ಮುಂದೆ ಭಾವನವರು ಬಸ್ಸಿನ ರಾತ್ರಿಯ ಸಂಗತಿ ಪೂರ್ತಿ ಹೇಳಿ ಪ್ರಾಯಶ್ಚಿತ್ತ ಕೇಳಿದರು. ಅವರು ಕೇಳಿ, ನಿಯಮ ಭಂಗವಾಗಿಲ್ಲ, ಔಷಧದ ಬಿಡುವು ಇರುವುದು ಇಂಥ ಹೊತ್ತಿಗೇ, ಮನಸ್ಸಿಗೆ ಸಮಾಧಾನವಾಗಲು ಒಂದು ಮಾಲೆ ಣಮೋಕಾರ ಜಪಿಸಿರಿ ಎಂದರು. ನಂತರ ಅಕ್ಕನ ಕಡೆ ತಿರುಗಿ, ಸಕ್ಕರೆ ಕಾಯಿಲೆಯವರು ಉಪವಾಸ ಮಾಡಬೇಕೆಂದರೆ ಮೊದಲು ಡಾಕ್ಟರ ಹತ್ತಿರ ಹೋಗಿ ಮಾತ್ರೆಯ ಲೆಕ್ಕ ಸರಿಮಾಡಿಸಿಕೊಳ್ಳಬೇಕು ಎಂದೂ ಹೇಳಿದರು. ಎರಡು ದಿನದಿಂದ ಮೌನವಾಗಿದ್ದ ಭಾವನವರ ಮುಖ ಅಂದು ತಿಳಿಯಾಯಿತು.

ಗೇರುಸೊಪ್ಪೆ: ಕಾಡು ನುಂಗಿದ ಪೇಟೆ

ಕೊನೆಯ ಸ್ಥಳ ಗೇರುಸೊಪ್ಪೆ. ಉಡುಪಿಯಿಂದ ಕೊಂಕಣ ರೈಲಿನಲ್ಲಿ ಹೊನ್ನಾವರ, ಅಲ್ಲಿಂದ ಶರಾವತಿಯ ಗುಂಟ ಮೇಲಕ್ಕೆ. ಹಳೆಯ ರಾಜಧಾನಿಯ ಜಾಗದ ಊರಿಗೆ ಇಂದು ನಗರಬಸ್ತಿಕೇರಿ ಎಂದು ಹೆಸರು. ನಗರವೂ ಬಸ್ತಿಯೂ ಕೇರಿಯೂ ಹೆಸರಿನಲ್ಲಿ ಉಳಿದಿವೆ, ಕಣ್ಣಿಗೆ ಕಾಣುವುದು ಕಾಡು.

ಇಲ್ಲಿ 1552ರಿಂದ 1606ರವರೆಗೆ, 54 ವರ್ಷ ಆಳಿದವಳು ಜೈನ ರಾಣಿ ಚೆನ್ನಭೈರಾದೇವಿ. ಕರಿಮೆಣಸಿನ ವ್ಯಾಪಾರದ ಮೇಲೆ ನಿಂತ ರಾಜ್ಯ. ಪೋರ್ಚುಗೀಸರು ಅವಳನ್ನು 'ರೈನಾ ದ ಪಿಮೆಂಟಾ', ಎಂದರೆ ಮೆಣಸಿನ ರಾಣಿ ಎಂದು ಕರೆದರು. ಅವರೊಡನೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು. ಕಡೆಗೆ ಕೆಳದಿಯ ವೆಂಕಟಪ್ಪ ನಾಯಕನಿಗೆ ಸೋತು ಸೆರೆಯಲ್ಲಿ ತೀರಿಕೊಂಡಳು. ಆಮೇಲೆ ಪೇಟೆ ಒಡೆಯಿತು, ವರ್ತಕರು ಚದುರಿದರು.

ಚತುರ್ಮುಖ ಬಸದಿ ಕಾಡಿನ ನಡುವೆ ಒಂಟಿಯಾಗಿ ನಿಂತಿದೆ. ನಾಲ್ಕು ಬಾಗಿಲು, ಒಳಗೆ ನಾಲ್ಕು ದಿಕ್ಕಿಗೆ ಮುಖ ಮಾಡಿದ ಜಿನಬಿಂಬ. ನಾವು ಹೋದಾಗ ಬೇರೆ ಯಾರೂ ಇರಲಿಲ್ಲ. ಕಲ್ಲಿನ ಮೇಲೆ ಪಾಚಿ, ಮರದಿಂದ ಹನಿ ಬೀಳುವ ಸದ್ದು. ಭಾವನವರು ನೆಲದ ಇರುವೆಗಳನ್ನು ಕರವಸ್ತ್ರದಿಂದ ಮೆಲ್ಲಗೆ ಸರಿಸಿ ಕುಳಿತು ಜಪ ಮಾಡಿದರು. ತಾಂಡೂರಿನಿಂದ ಬಹಳ ದೂರವಿಲ್ಲದ ಮಳಖೇಡ ನಮಗೆ ನೆನಪಾಯಿತು. ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷ ಆಳಿದ ಊರು, ಇಂದು ಕಾಗಿಣಾ ದಂಡೆಯ ಒಂದು ಹಳ್ಳಿ. ಅಲ್ಲಿ ಬಿಸಿಲು, ಇಲ್ಲಿ ಮಳೆ, ಆದದ್ದು ಒಂದೇ. ಎರಡು ಊರಿನಲ್ಲೂ ಅರಮನೆ ಹೋಯಿತು, ಪೇಟೆ ಹೋಯಿತು, ಬಸದಿ ಉಳಿಯಿತು. ಆ ಕಾಲದ ವರ್ತಕರು ಗಳಿಸಿದ್ದರಲ್ಲಿ ಇಂದಿಗೂ ಕಣ್ಣಿಗೆ ಕಾಣುವುದು ಅವರು ದಾನ ಕೊಟ್ಟ ಭಾಗವೊಂದೇ ಎಂದು ತಮ್ಮ ಮೆಲ್ಲಗೆ ಹೇಳಿದ. ಅವನು ಸಾಮಾನ್ಯವಾಗಿ ಇಂಥ ಮಾತು ಆಡುವವನಲ್ಲ.

ಹಿಂತಿರುಗುವಾಗ ನಾವು ಮಾಡಿಕೊಂಡು ಬಂದಿದ್ದ ಆಟೋ ಕೆಸರಿನಲ್ಲಿ ಹೂತಿತು. ಐದು ಜನ ಸೇರಿ ತಳ್ಳಿದೆವು. ಆದರೆ ಆಗಲೇ ನಾಲ್ಕು ಗಂಟೆಯಾಗಿದ್ದರಿಂದ ಅಕ್ಕ ಮೊದಲು ಭಾವನವರನ್ನು ಬಂಡೆಯ ಮೇಲೆ ಕೂಡಿಸಿ ಅವಲಕ್ಕಿ, ಜೋನಿಬೆಲ್ಲ ತಿನ್ನಿಸಿದರು. ಆಟೋ ಮೇಲೆ ಬಂದದ್ದು ಐದಕ್ಕೆ. ಮರುದಿನ ತಾಳಗುಪ್ಪದಿಂದ ರೈಲು ಹಿಡಿದು ಊರ ದಾರಿ ಹಿಡಿದೆವು.

ಹೋಗುವವರಿಗೆ

ಮೊದಲನೆಯದು, ಕಾಲ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ನವೆಂಬರ್ ಅನುಕೂಲ, ಆದರೂ ಒಂದೆರಡು ಮಳೆ ಇದ್ದೇ ಇರುತ್ತದೆ. ಡಿಸೆಂಬರಿನಿಂದ ಮೇವರೆಗೆ ಇಂಬಳ ಕಡಿಮೆ. ಆದರೆ ಅದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಜ್ವರ ಉಣುಗು ಕಚ್ಚಿ ಬರುತ್ತದೆ. ಮಂಗ ಸತ್ತು ಬಿದ್ದ ಕಡೆ ಹೋಗಬಾರದು, ಮೈ ಮುಚ್ಚುವ ಬಟ್ಟೆ ಹಾಕಬೇಕು, ಕಾಡಿನಿಂದ ಬಂದೊಡನೆ ಬಿಸಿನೀರಿನ ಸ್ನಾನ ಮಾಡಬೇಕು. ಆಮೇಲೆ ಜ್ವರ ಬಂದರೆ ಯಾವ ಕಾಡಿಗೆ ಹೋಗಿದ್ದೆವು ಎಂದು ಡಾಕ್ಟರಿಗೆ ಹೇಳಬೇಕು.

ಎರಡನೆಯದು, ಊಟ. ಬುತ್ತಿಯನ್ನು ಒಂದೇ ಚೀಲದಲ್ಲಿ ಇಡದೆ ಎಲ್ಲರ ಚೀಲಕ್ಕೂ ಹಂಚಬೇಕು. ಸಕ್ಕರೆ ಕಾಯಿಲೆಯವರ ಜೇಬಿನಲ್ಲೇ ಸಕ್ಕರೆ ಅಥವಾ ಬೆಲ್ಲ ಇರಬೇಕು. ಬೆವರು, ನಡುಕ, ತಪ್ಪು ಮಾತು ಕಂಡೊಡನೆ ಎಚ್ಚರವಿದ್ದರೆ ಸಿಹಿ ನೀರು ಕುಡಿಸಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ನಿಯಮ ತೆಗೆದುಕೊಂಡವರು ತಮ್ಮ ನಿಯಮದಲ್ಲಿ ಔಷಧಕ್ಕೆ ಬಿಡುವು ಇದೆಯೋ ಇಲ್ಲವೋ ಎಂಬುದನ್ನು ಮನೆಯ ಒಬ್ಬರಿಗಾದರೂ ಮೊದಲೇ ಹೇಳಿರಬೇಕು. ಅಂದು ಅಕ್ಕನಿಗೆ ಅದು ಗೊತ್ತಿರದಿದ್ದರೆ ಈ ಲೇಖನ ಬೇರೆ ರೀತಿ ಬರೆಯಬೇಕಾಗುತ್ತಿತ್ತು.

ಮೂರನೆಯದು, ಕಾಡಿಗೆ ಊರಿನವರ ಜೊತೆ ಇಲ್ಲದೆ, ಅರಣ್ಯ ಇಲಾಖೆ ಕೇಳುವ ಕಡೆ ಪರವಾನಗಿ ಇಲ್ಲದೆ ಹೋಗಬಾರದು. ಮಧ್ಯಾಹ್ನ ಮೂರಕ್ಕೆ ಎಲ್ಲಿದ್ದರೂ ಹಿಂದಕ್ಕೆ ತಿರುಗಬೇಕು.

ಬೆಳಕಿರುವಾಗ ಉಣ್ಣು, ನೀರು ಕುದಿಸಿ ಸೋಸಿ ಕುಡಿ, ನೋಡಿ ನಡೆ, ಕಡಿಮೆ ಹೊರು ಎಂದು ಹಿರಿಯರು ಹೇಳಿದ್ದನ್ನು ನಾವು ಊರಿನಲ್ಲಿ ಧರ್ಮವೆಂದು ಪಾಲಿಸುತ್ತೇವೆ. ಮಳೆಕಾಡಿನಲ್ಲಿ ಅವು ಪ್ರತಿ ಗಂಟೆಗೂ ಕೆಲಸಕ್ಕೆ ಬಂದವು. ಮಕ್ಕಳಿಗೆ ಇವನ್ನು ಬಾಯಿಯಲ್ಲಿ ಹೇಳುವುದಕ್ಕಿಂತ ಒಮ್ಮೆ ಆ ದಾರಿಯಲ್ಲಿ ನಡೆಸಿಕೊಂಡು ಬರುವುದು ಒಳ್ಳೆಯದು. ನಮ್ಮ ಹುಡುಗ ಈಗ ನಾರಾಯಣಖೇಡದಲ್ಲಿರುವ ತನ್ನ ಗೆಳೆಯರನ್ನೂ ಕರೆದುಕೊಂಡು ಇನ್ನೊಮ್ಮೆ ಹೊರಡುವ ಯೋಚನೆಯಲ್ಲಿದ್ದಾನೆ. ಬುತ್ತಿ ಕಟ್ಟಿಕೊಡಲು ಅಕ್ಕ ಒಪ್ಪಿದ್ದಾರೆ, ಶೇಂಗಾ ಹಿಂಡಿಗೆ ಖಾರ ಕಡಿಮೆ ಮಾಡುವುದಿಲ್ಲವಂತೆ.